ಬಿಚ್ಚಿಟ್ಟ ಎಂಜಿನ್ನು

ಗಂಡ ನಡೆದುಕೊಂಡು ಮನೆಗೆ ಬಂದದ್ದನ್ನು ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವಳು ನೋಡಿದ್ದೇ ಇಲ್ಲ. ಬಾಡಿಗೆ ಕಾರು ಓಡಿಸುವವನು, ಮಾವನ ಮನೆಯಲ್ಲೇ ವಾಸ. ಬೀದಿ ತುದಿಯಿಂದ ಬ್ರೆಡ್ಡು ತರುವುದಕ್ಕೂ ಕಾರು ತೆಗೆದು ಅತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದ. ಅಂಥವನು ಆ ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಗೇಟು ತಳ್ಳಿಕೊಂಡು ಒಳಗೆ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಬೆಲ್ಟ್ ಹರೀತು" ಅಂದ.

ತುತ್ತನ್ನು ಬಾಯಿಯ ಹತ್ತಿರ ತಂದಿದ್ದ ಅವಳ ಅಪ್ಪ ಅದನ್ನು ತಟ್ಟೆಗೆ ಇಳಿಸಿದ. "ಯಾವ ಬೆಲ್ಟು? ಎ.ಸಿ.ದಾ?"

"ಟೈಮಿಂಗ್ ಬೆಲ್ಟು, ಮಾವ. ದೊಡ್ಡ ರಸ್ತೆ ಮಧ್ಯದಲ್ಲಿ. ಹಿಂದಿನ ಸೀಟಲ್ಲಿ ಆಸ್ಪತ್ರೆ ಅಜ್ಜಿ."

ಆಸ್ಪತ್ರೆ ಅಜ್ಜಿ ಎಂದರೆ ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೋಗುವ ಮುದುಕಿ. ಅವಳಂಥವರೇ ನಾಲ್ಕು ಜನ ಅವನ ಖಾಯಂ ಗಿರಾಕಿಗಳು. ಅವರಿಂದಲೇ ಈ ಮನೆಯ ಒಲೆ ಉರಿಯುತ್ತಿತ್ತು.

"ಅಯ್ಯೋ, ಅವರಿಗೇನಾಯ್ತು?" ಎಂದಳು ಅಮ್ಮ.

"ಆಟೋ ಹತ್ತಿಸಿ ಕಳಿಸ್ದೆ. ಒಂದು ಗಂಟೆ ತಡ ಆಯ್ತು. ಮೆಷಿನ್ನು ಬೇರೆಯವರಿಗೆ ಕೊಟ್ಬಿಟ್ಟಿದ್ರಂತೆ. ಅವರ ಮಗ ಫೋನ್ ಮಾಡಿ, ಇನ್ಮೇಲೆ ಬರ್ಬೇಡಪ್ಪಾ ಅಂದ."

"ಬೆಲ್ಟು ಹರಿಯೋಕೆ ಸಾಧ್ಯಾನೇ ಇಲ್ಲ. ನಾನು ಹೊಸದು ಹಾಕಿ ಎರಡು ತಿಂಗಳಾಗಿಲ್ಲ" ಎಂದ ಅಪ್ಪ.

"ನಾನೂ ಅದನ್ನೇ ಕೇಳ್ತಿರೋದು ಮಾವ."

ಮೂವತ್ತನಾಲ್ಕು ವರ್ಷಗಳಿಂದ ಅಪ್ಪ ಈ ಒಂದೇ ಎಂಜಿನ್ನಿನ ಮೇಸ್ತ್ರಿ. ಬೇರೆ ಎಂಜಿನ್ನು ಬಂದರೆ, ನನ್ನದಲ್ಲ ತಗೊಂಡು ಹೋಗಿ, ಎಂದು ಬಾಗಿಲಲ್ಲೇ ಹೇಳುತ್ತಿದ್ದ. ಹಾಗೆ ಹೇಳಿದ್ದರಿಂದ ನಷ್ಟವೇನೂ ಆಗಿರಲಿಲ್ಲ. ಬೀದಿಯಲ್ಲಿ ಓಡುವ ಹತ್ತು ಡೀಸೆಲ್ ಕಾರುಗಳಲ್ಲಿ ಆರಕ್ಕೆ ಇದೇ ಎಂಜಿನ್ನು. ನಾಲ್ಕೈದು ಕಂಪನಿಗಳು ತಮ್ಮ ತಮ್ಮ ಹೆಸರು ಹಚ್ಚಿ ಮಾರಿದ್ದು ಇದನ್ನೇ. ಮೊಮ್ಮಗಳು ಊಟದ ಹೊತ್ತಿನಲ್ಲಿ ಮಗ್ಗಿ ಒಪ್ಪಿಸಿಕೊಳ್ಳುವವಳಂತೆ ಅವನನ್ನು ಪರೀಕ್ಷೆ ಮಾಡುತ್ತಿದ್ದಳು.

"ತಾತ, ಹೊಗೆ ಕರ್ರಗೆ ಬಂದ್ರೆ?"

"ಗಾಳಿ ಸಾಲ್ದು. ಫಿಲ್ಟರ್ ನೋಡು."

"ನೀಲಿ ಬಂದ್ರೆ?"

"ಆಯಿಲ್ ಉರೀತಿದೆ. ಟರ್ಬೋ ಸೋರ್ತಿರತ್ತೆ."

"ಬೆಳ್ಳಗೆ?"

"ಬೆಳ್ಳಗೆ, ಅದರ ಜೊತೆ ಸಿಹಿ ವಾಸನೆ ಬಂದ್ರೆ ನೀರು ಒಳಗೆ ಹೋಗಿದೆ. ಹೆಡ್ ಗ್ಯಾಸ್ಕೆಟ್. ಕಾರು ಅಲ್ಲೇ ನಿಲ್ಸು, ಒಂದು ಹೆಜ್ಜೆ ಓಡಿಸ್ಬೇಡ. ಈ ಹೆಡ್ಡು ಅಲ್ಯೂಮಿನಿಯಂದು, ಬಿಸಿ ತಡೆಯಲ್ಲ, ಹಪ್ಪಳದ ಹಾಗೆ ಡೊಂಕಾಗತ್ತೆ."

"ಒಳ್ಳೇ ಗುಣ ಹೇಳು."

"ಎಂಥ ಚಳೀಲೂ ಅರ್ಧ ಸೆಲ್ಫ್ ಹೊಡೆದ್ರೆ ಸಾಕು, ಏಳತ್ತೆ. ಕಡಿಮೆ ಕುಡಿಯತ್ತೆ, ಜಾಸ್ತಿ ದುಡಿಯತ್ತೆ, ನಿಮ್ಮಜ್ಜಿ ಹಾಗೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ರೆ ಮೂರು ಲಕ್ಷ ಕಿಲೋಮೀಟರು ಬಿಚ್ಚೋ ಹಾಗೇ ಇಲ್ಲ. ತಡ ಮಾಡಿದ್ರೆ ಆ ಆಯಿಲ್ಲೇ ಡಾಂಬರಾಗಿ ಗಂಟಲು ಕಟ್ಟತ್ತೆ."

ಮಗಳು ಕೆಲಸ ಮಾಡುತ್ತಿದ್ದದ್ದು ಪಕ್ಕದ ಬೀದಿಯ ಬಿಡಿಭಾಗದ ಅಂಗಡಿಯಲ್ಲಿ. ಹನ್ನೊಂದು ವರ್ಷದಿಂದ ಕೌಂಟರಿನಲ್ಲಿ ನಿಂತು ಮೇಸ್ತ್ರಿಗಳಿಗೆ ಸಾಮಾನು ಎತ್ತಿಕೊಡುವವಳು. ಎರಡು ತಿಂಗಳ ಹಿಂದೆ ಗಂಡನ ಕಾರಿನ ಬೆಲ್ಟಿನ ಆಯಸ್ಸು ಮುಗಿದಾಗ ಅವಳೇ ಮೂರು ಸಾಮಾನು ತಂದು ಅಪ್ಪನ ಕೈಗೆ ಕೊಟ್ಟಿದ್ದಳು: ಬೆಲ್ಟು, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪು. ಈ ಎಂಜಿನ್ನಿನಲ್ಲಿ ಪಂಪು ತಿರುಗುವುದೂ ಅದೇ ಬೆಲ್ಟಿನಿಂದ. ಹಾಗಾಗಿ ಮೂರನ್ನೂ ಒಟ್ಟಿಗೇ ಬದಲಾಯಿಸಬೇಕೆಂಬುದು ಕೌಂಟರಿನವಳಿಗೂ ಗೊತ್ತಿದ್ದ ಸಂಗತಿ.

ಸಂಜೆ ಹಗ್ಗ ಕಟ್ಟಿ ಎಳೆತಂದ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಅಪ್ಪ ಮುಂಭಾಗ ಬಿಚ್ಚಿದ. ಪಂಪಿನ ಬೇರಿಂಗು ಪುಡಿಯಾಗಿತ್ತು. ಅದರ ಗಾಲಿ ಓರೆಯಾಗಿ ಬೆಲ್ಟಿನ ಅಂಚನ್ನು ತಿಂದು ಹಾಕಿತ್ತು.

"ಪಂಪೂ ಹೊಸದೇ ಅಲ್ವಾ ಅಪ್ಪ?" ಎಂದು ಮಗಳು ಕೇಳಿದಳು.

ಅಪ್ಪ ಆ ಪಂಪನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಹೊಸದೇ. ನಾನೇ ಹಾಕಿದ್ದು. ನಿಮ್ಮ ಅಂಗಡಿ ಯಜಮಾನ ಡೂಪ್ಲಿಕೇಟ್ ಮಾಲು ಕೊಟ್ಟಿದಾನೆ."

ಅಳಿಯನ ಮುಖ ಕೆಂಪಾಯಿತು. "ಹನ್ನೊಂದು ವರ್ಷ ದುಡಿದೋಳ ಮನೆಗೇ ಹೀಗೆ ಮಾಡಿದ್ನಾ? ಸೋಮವಾರ ಹೋಗಿ ಕೇಳು. ಇಲ್ಲ, ನಾನೇ ಬಂದು ಕೇಳ್ತೀನಿ."

"ನೀವು ಬರ್ಬೇಡಿ. ನಾನೇ ಕೇಳ್ತೀನಿ" ಎಂದಳು ಅವಳು.

ಸೋಮವಾರ ಬೆಳಿಗ್ಗೆ ಅಮ್ಮ ಎಂದಿನಂತೆ ಊಟದ ಡಬ್ಬಿ ಕಟ್ಟಿಕೊಟ್ಟಳು. ಏನೋ ಹೇಳುವವಳಂತೆ ಬಾಗಿಲ ತನಕ ಬಂದು ಹೇಳದೆ ಒಳಗೆ ಹೋದಳು. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. ಮಗಳು ಹಾಳಾದ ಪಂಪನ್ನು ಯಜಮಾನರ ಮುಂದೆ ಕುಕ್ಕಿ, ಬಾಯಿಗೆ ಬಂದಂತೆ ಬೈದಳು. ಯಜಮಾನರು ಮೃದು ಮನುಷ್ಯ. ಮೊದಲು ಗಿರಾಕಿಗಳಿಗೆ ಸಾಮಾನು ಕೊಟ್ಟು ಕಳಿಸಿದರು. ಆಮೇಲೆ ಪಂಪನ್ನು ಬೆಳಕಿಗೆ ಹಿಡಿದರು.

"ಒಳಗಡೆ ಈ ತುಕ್ಕು ನೋಡಮ್ಮ. ಇದು ಎರಡು ತಿಂಗಳಿಂದಾ? ನೀನೇ ಹೇಳು."

ಅವಳು ನೋಡಿದಳು. ಬೆರಳಿನ ಉಗುರಿನಷ್ಟು ದಪ್ಪ ತುಕ್ಕು. ಏಳೆಂಟು ವರ್ಷದ್ದು. ಸಿಟ್ಟಿನಲ್ಲಿ ಎರಡು ದಿನದಿಂದ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

"ನಿಮ್ಮಪ್ಪ ಹೋದ ತಿಂಗಳು ಒಂದೇ ಬೆಳಿಗ್ಗೆ ಮೂರು ಸಲ ಬಂದು ಅದೇ ಆಯಿಲ್ ಫಿಲ್ಟರ್ ಕೇಳಿದ್ರು. ನೀನು ಗೋದಾಮಿಗೆ ಹೋಗಿದ್ದೆ. ಮೂರನೇ ಸಲ ನಾನು, ಮೇಸ್ತ್ರಿಗಳೇ ಸ್ಟಾಕ್ ಇಲ್ಲ ಅಂದ್ಬಿಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ ನೀವು?"

"ಯಾವ ಬಾಯಲ್ಲಿ ಹೇಳ್ಲಮ್ಮ? ಈ ಅಂಗಡಿ ಇಟ್ಟಾಗ ನಂಗೆ ನಟ್ಟು ಯಾವುದು ಬೋಲ್ಟು ಯಾವುದು ಅಂತ ಗೊತ್ತಿರ್ಲಿಲ್ಲ. ಕಲಿಸಿಕೊಟ್ಟವರು ಅವರು."

ಮಧ್ಯಾಹ್ನಕ್ಕೆ ಕಾಯದೆ ಅವಳು ಮನೆಗೆ ಓಡಿದಳು. ಅಪ್ಪ ಅಂಗಳದಲ್ಲಿ ಎಂಜಿನ್ನಿನ ಮೇಲ್ಭಾಗದ ಹೆಡ್ಡು ಇಳಿಸುತ್ತಿದ್ದ. ಅವಳು ಅವನ ಸಾಮಾನಿನ ಪೆಟ್ಟಿಗೆ, ಮಂಚದ ಕೆಳಗೆ, ಅಟ್ಟ, ಎಲ್ಲ ಕಡೆ ಕೈಯಾಡಿಸಿದಳು. ತರಕಾರಿ ಹೆಚ್ಚುತ್ತಿದ್ದ ಅಮ್ಮ ಸ್ವಲ್ಪ ಹೊತ್ತು ನೋಡಿ, "ಅಲ್ಲಿಲ್ಲ" ಅಂದಳು. ಎದ್ದು ಹಿಟ್ಟಿನ ಡಬ್ಬದ ಹಿಂದಿನಿಂದ ಹಳೇ ಟವಲಿನಲ್ಲಿ ಸುತ್ತಿದ ಪೆಟ್ಟಿಗೆ ತೆಗೆದಳು. ಹೊಸ ಪಂಪು. ಸೀಲೂ ಒಡೆದಿರಲಿಲ್ಲ.

"ಯಾವಾಗ ಸಿಕ್ತು?"

"ನಿನ್ನೆ. ಅವರ ಹಳೇ ಕೋಟಿನ ಕೆಳಗಿತ್ತು."

"ಹಾಗಿದ್ದೂ ಬೆಳಿಗ್ಗೆ ನಾನು ಜಗಳಕ್ಕೆ ಹೊರಟಾಗ ಡಬ್ಬಿ ಕಟ್ಟಿ ಕಳಿಸಿದ್ಯಲ್ಲಮ್ಮಾ! ಒಂದು ಮಾತು ಹೇಳ್ಬಾರ್ದಾ? ಅನ್ನ ಕೊಟ್ಟೋರನ್ನ ನಾಲ್ಕು ಜನರ ಮುಂದೆ ಕಳ್ಳ ಅಂದು ಬಂದೆ."

"ಮೆಲ್ಲಗೆ ಮಾತಾಡೇ. ಅವರಿಗೆ ಕೇಳ್ಸತ್ತೆ."

"ಕೇಳ್ಲಿ! ಎಷ್ಟು ದಿನದಿಂದ ಗೊತ್ತು ನಿಂಗೆ?"

ಅಮ್ಮ ಮತ್ತೆ ಚಾಕು ಕೈಗೆತ್ತಿಕೊಂಡಳು. ಆದರೆ ಹೆಚ್ಚಲಿಲ್ಲ. "ಹೋದ ವರ್ಷ ಒಂದಿನ ಗ್ಯಾರೇಜಿಗೆ ಹೋದೋರು ಅರ್ಧ ದಾರಿಯಿಂದ ವಾಪಸ್ ಬಂದು, ಎಲ್ಲಿಗೆ ಹೊರಟಿದ್ದೆ ನಾನು ಅಂದ್ರು. ನಗಾಡ್ತಿದಾರೆ ಅನ್ಕೊಂಡೆ. ಆಮೇಲಿಂದ ಊಟ ಕೊಡೋ ನೆಪದಲ್ಲಿ ದಿನಾ ಹಿಂದೆಯೇ ಹೋಗ್ತೀನಿ. ಗ್ಯಾರೇಜಿಗೆ ಬೇರೆಯವರ ಕಾರು ಬಂದು ಮೂರು ತಿಂಗಳಾಯ್ತು. ಸುಮ್ನೆ ಕೂತು ಸ್ಪ್ಯಾನರ್ ಒರೆಸ್ತಿರ್ತಾರೆ. ನಿನ್ನ ಗಂಡಂಗೆ ಹೇಳ್ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ."

ಮಗಳು ಹೇಳಲಿಲ್ಲ. ಮರುದಿನ ಯಜಮಾನರ ಮುಂದೆ ನಿಂತು ತಪ್ಪಾಯಿತು ಅಂದಳು. ಅವರು ಕೈ ಬೀಸಿ, ಹೋಗ್ಲಿ ಬಿಡಮ್ಮ, ಅಂದರು. ಆದರೆ ಅವಳು ಬೈದಾಗ ಅಲ್ಲಿದ್ದ ನಾಲ್ವರಲ್ಲಿ ಇಬ್ಬರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಬೆಲ್ಟು ಹರಿದರೆ ಈ ಎಂಜಿನ್ನು ಸುಮ್ಮನೆ ನಿಲ್ಲುವುದಿಲ್ಲ. ಕೆಳಗಿನಿಂದ ಬರುವ ಪಿಸ್ಟನ್ನು ಮೇಲಿನಿಂದ ಇಳಿದ ವಾಲ್ವಿಗೆ ಗುದ್ದುತ್ತದೆ. ಎಂಟರಲ್ಲಿ ಆರು ವಾಲ್ವು ಬಗ್ಗಿದ್ದವು. "ಇದು ಇದರ ಜಾತಿಗುಣ. ಹದಿನೈದು ದಿನ ಕೊಡಿ, ಹೊಸ ಎಂಜಿನ್ ಮಾಡಿ ಕೊಡ್ತೀನಿ" ಎಂದ ಅಪ್ಪ.

"ಬೇರೆ ಗ್ಯಾರೇಜಿಗೆ ಕೊಟ್ರೆ ನಾಲ್ಕು ದಿನ ಸಾಕು ಮಾವ" ಎಂದ ಅಳಿಯ.

"ಬೇರೆ ಗ್ಯಾರೇಜಾ?" ಅಪ್ಪ ಎದ್ದು ನಿಂತ. "ನನ್ನ ಅಂಗಳದಿಂದ ಈ ಎಂಜಿನ್ನು ಇನ್ನೊಬ್ಬನ ಕೈಗೆ ಹೋದ್ರೆ ಈ ಬೀದೀಲಿ ನಾನು ಹೇಗೆ ತಲೆ ಎತ್ತಿ ಓಡಾಡ್ಲಿ? ನೀವೇ ಹೇಳಿ."

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಹದಿನೈದು ದಿನಕ್ಕೆ ಒಪ್ಪಿಗೆಯಾಯಿತು. ಉಳಿದ ಮೂವರು ರೋಗಿಗಳೂ ಬೇರೆ ಕಾರು ಹಿಡಿದುಕೊಂಡರು. ಅಳಿಯ ನೀರಿನ ಟ್ಯಾಂಕರ್ ಓಡಿಸುವ ಕೆಲಸಕ್ಕೆ ಸೇರಿಕೊಂಡ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗಿ, ಮಧ್ಯಾಹ್ನ ಭುಜ ಹಿಡಿದುಕೊಂಡು ಬಂದು, ಉಂಡು ಮಲಗುತ್ತಿದ್ದ.

ಮನೆಯೆಲ್ಲ ಎಂಜಿನ್ನಾಯಿತು. ಅಮ್ಮನ ಬೇಸಿನ್ನಿನಲ್ಲಿ ಸೀಮೆಎಣ್ಣೆ, ಅದರಲ್ಲಿ ನೆನೆಯುವ ಬೋಲ್ಟು. ಚಹಾದ ಲೋಟಗಳಲ್ಲಿ ವಾಷರು. ಮೊಮ್ಮಗಳು ಹಾಲು ಕುಡಿಯಲು ಹೋಗಿ ಸ್ಪ್ರಿಂಗೊಂದನ್ನು ಬಾಯಿಗೆ ತಂದುಕೊಂಡಳು.

"ಅಜ್ಜೀ, ಲೋಟದಲ್ಲಿ ತಾತನ ಎಂಜಿನ್!"

"ನುಂಗ್ಬಿಟ್ಟೀಯ ತಾಯೀ, ಆಮೇಲೆ ನಿನ್ನನ್ನೂ ಬಿಚ್ಬೇಕಾಗತ್ತೆ" ಎಂದಳು ಅಮ್ಮ. ಎಲ್ಲರೂ ನಕ್ಕರು. ಅಳಿಯ ಮಾತ್ರ ತಟ್ಟೆ ತಳ್ಳಿ ಎದ್ದ.

ಮೂರನೇ ವಾರ ಕಣ್ಣು ತೋರಿಸೋಣ ಎಂದು ಪುಸಲಾಯಿಸಿ ತಾಯಿ ಮಗಳು ಅಪ್ಪನನ್ನು ಮರೆವಿನ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಅಪ್ಪ ಗೋಡೆ ನೋಡಿದ, ಮಗಳನ್ನು ನೋಡಿದ, ಆಮೇಲೆ, "ನಿಮ್ಮ ಕಾರು ಹೊರಗೆ ನಿಂತಿದೆಯಲ್ಲ ಬಿಳೀದು, ಅದೇನಾ? ಎಷ್ಟು ಓಡಿದೆ?" ಅಂದ.

"ತೊಂಬತ್ತು ಸಾವಿರ."

"ಬೆಲ್ಟು, ಟೆನ್ಷನರ್, ಪಂಪು, ಮೂರೂ ಒಟ್ಟಿಗೆ ಹಾಕ್ಸಿ ಡಾಕ್ಟ್ರೇ. ಪಂಪು ಚೆನ್ನಾಗಿದೆ ಅಂತ ಯಾವ ಮೇಸ್ತ್ರಿ ಹೇಳಿದ್ರೂ ನಂಬ್ಬೇಡಿ."

ಡಾಕ್ಟರು ಮಗಳನ್ನು ಬಾಗಿಲಾಚೆ ಕರೆದು, ಹಳೆಯ ನೆನಪು ಇನ್ನೂ ಸ್ವಲ್ಪ ಕಾಲ ಇರುತ್ತದೆ, ಹೊಸದು ನಿಲ್ಲುವುದಿಲ್ಲ, ಇದು ಇಳಿಜಾರಿನ ಕಾಯಿಲೆ, ಎಂದರು. ಕೆಲಸ ಮಾಡಲಿ ಬಿಡಿ, ಕೈಗೆ ಕೆಲಸವಿದ್ದರೆ ಒಳ್ಳೆಯದು, ಆದರೆ ಪಕ್ಕದಲ್ಲಿ ಯಾರಾದರೂ ಇರಲಿ, ಎಂದೂ ಹೇಳಿದರು.

ಮರುದಿನದಿಂದ ಅವಳೇ ಪಕ್ಕದಲ್ಲಿ ಕೂತಳು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಎರಡು ತಾಸು. ಹೆಡ್ಡಿನ ಮೇಲೆ, ವಾಲ್ವುಗಳನ್ನು ಒತ್ತುವ ಕ್ಯಾಮ್ ಕಂಬಿಯನ್ನು ಹಿಡಿದಿಡುವ ಐದು ತುಂಡುಗಳಿರುತ್ತವೆ, ಒಂದೊಂದಕ್ಕೂ ನಂಬರು. ಮೂರರ ಜಾಗದಲ್ಲಿ ನಾಲ್ಕು ಕೂತರೆ ಕ್ಯಾಮು ತಿರುಗದೆ ಹಿಡಿದುಕೊಳ್ಳುತ್ತದೆ. ಅಪ್ಪ ಅವನ್ನು ಅದಲುಬದಲು ಇಟ್ಟಿದ್ದ. ಅವಳು ಏನೂ ಹೇಳದೆ ಒಂದೊಂದನ್ನೇ ಒರೆಸಿ ಸರಿಯಾದ ಸರದಿಯಲ್ಲಿ ಅವನ ಕೈಗೆ ಕೊಟ್ಟಳು. ಅವನು ನೋಡದೆ ತೆಗೆದುಕೊಂಡು ನೋಡದೆ ಕೂರಿಸಿದ. ಕೈ ಮಾತ್ರ ಮೊದಲಿನ ಕೈಯೇ. ಬೋಲ್ಟು ಇಷ್ಟೇ ಬಿಗಿಯಬೇಕೆಂದು ಅದಕ್ಕೆ ಗೊತ್ತಿತ್ತು.

"ಚಿಕ್ಕೋಳಿದ್ದಾಗ ಹೀಗೇ ಕೂತ್ಕೋತಿದ್ದೆ ನೀನು" ಎಂದ ಅಪ್ಪ ಒಂದು ದಿನ. "ಮಗ ಹುಟ್ಟಿದ್ರೆ ಕಲಿಸ್ತಿದ್ದೆ ಅಂತ ನಿಮ್ಮಮ್ಮಂಗೆ ಹೇಳ್ತಿದ್ದೆ. ನಿಂಗೇ ಕಲಿಸ್ಬಹುದಿತ್ತು."

"ಈಗ ಕಲ್ಸು."

"ಈಗೇನು, ಕೈ ನುಣುಪಾಗಿದೆ ನಿಂದು" ಎಂದು ಅವಳ ಅಂಗೈ ಮುಟ್ಟಿ ನಕ್ಕ.

ಆ ದಿನಗಳಲ್ಲಿ ಅವಳಿಗೆ ಸ್ವಲ್ಪ ಆಸೆ ಬಂದಿತ್ತು. ಲೇತ್ ಅಂಗಡಿಯಿಂದ ಹೆಡ್ಡು ತಟ್ಟೆಯಂತೆ ಸಮವಾಗಿ ಬಂತು. ಹೊಸ ವಾಲ್ವು ಕೂತವು. ಹಿಟ್ಟಿನ ಡಬ್ಬದ ಹಿಂದಿದ್ದ ಪಂಪು ಕೊನೆಗೂ ತನ್ನ ಜಾಗ ಸೇರಿತು. ಅದನ್ನೆಲ್ಲಿಂದ ತಂದೆ ಎಂದು ಅಪ್ಪ ಕೇಳಲಿಲ್ಲ.

ಆದರೆ ಐದನೇ ವಾರ ಅಳಿಯನ ತಾಳ್ಮೆ ಹರಿಯಿತು. ಮಧ್ಯಾಹ್ನ ಬಂದವನು ಅಂಗಳದಲ್ಲಿ ಮಾವ ಹಿಂದಿನ ದಿನ ಬಿಗಿದಿದ್ದನ್ನೇ ಮತ್ತೆ ಬಿಚ್ಚುತ್ತಿರುವುದನ್ನು ನೋಡಿದ. ಒಳಗೆ ಬಂದು ಹೆಂಡತಿಯ ಮುಂದೆ ನಿಂತ.

"ಏನು ನಡೀತಿದೆ ಈ ಮನೇಲಿ? ನನ್ನನ್ನ ದಡ್ಡ ಅನ್ಕೊಂಡಿದೀರಾ ತಾಯಿ ಮಗಳು?"

ಅವಳು ಹೇಳಿದಳು. ಪಂಪು, ಫಿಲ್ಟರು, ಡಾಕ್ಟರು, ಎಲ್ಲ. ಬಾಗಿಲ ಸಂದಿಯಲ್ಲಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

ಅವನು ಕೂಗಾಡುತ್ತಾನೆಂದು ಅವಳು ಎಣಿಸಿದ್ದಳು. ಅವನು ಕುರ್ಚಿಯ ಮೇಲೆ ಕುಸಿದ. "ಆ ಅಜ್ಜಿ ಹೋದ ವಾರ ತೀರಿಕೊಂಡ್ರು, ಗೊತ್ತಾ? ಅವತ್ತು ಒಂದು ಸರದಿ ತಪ್ಪಿದ್ದಕ್ಕೇ ಅಂತ ಅವರ ಮಗ ಬೀದಿಯೆಲ್ಲ ಹೇಳ್ಕೊಂಡು ಬರ್ತಿದಾನೆ. ನಿಜಾನೋ ಸುಳ್ಳೋ. ಗಾಡಿ ನೋಡ್ಕೊಳ್ಳಕ್ಕೆ ಬರ್ದೇ ಇರೋ ಡ್ರೈವರ್ ಅಂತೆ ನಾನು. ನೀವು ಐದು ವಾರ ಬಾಯಿ ಮುಚ್ಕೊಂಡಿದ್ರಿ."

"ತಪ್ಪಾಯ್ತು ರೀ."

"ಯಾರ ಕೈಲಿದೆ ನನ್ನ ಎಂಜಿನ್ನು ಈಗ?"

"ನನ್ನ ಕೈಲಿ. ನಾನು ಪಕ್ಕದಲ್ಲೇ ಇದೀನಲ್ಲ. ಭಾನುವಾರ ಮುಗಿಯತ್ತೆ. ಅಪ್ಪ ಒಂದೇ ಒಂದು ಸಲ ಅದನ್ನ ಸ್ಟಾರ್ಟ್ ಮಾಡಿ ಕೊಟ್ಬಿಡ್ಲಿ. ಆಮೇಲೆ ಗ್ಯಾರೇಜಿಗೆ ಬೀಗ ಹಾಕ್ಸೋ ಜವಾಬ್ದಾರಿ ನಂದು."

ಅವನು ಒಪ್ಪಿದನೋ, ಸೋತನೋ, "ಭಾನುವಾರ" ಎಂದಷ್ಟೇ ಅಂದ.

ಭಾನುವಾರ ಬೆಳಿಗ್ಗೆ ಬೆಲ್ಟು ಏರಿಸುವುದೊಂದು ಬಾಕಿ. ಮೇಲಿನ ಗಾಲಿಗೆ ಒಂದು ಬಿಳಿ ಗುರುತು, ಕೆಳಗಿನ ಗಾಲಿಗೆ ಒಂದು. ಎರಡೂ ತಮ್ಮ ತಮ್ಮ ಗೆರೆಗೆ ಎದುರಾಗಿ ನಿಂತಾಗಲೇ ಬೆಲ್ಟು ಕೂರಬೇಕು. ಅಪ್ಪ ಹಾಗೆಯೇ ಕೂರಿಸಿ ಬಿಗಿದ. ಅವಳು ಬಗ್ಗಿ ನೋಡಿದಳು. ಸರಿಯಾಗಿತ್ತು. ಅಮ್ಮ ಚಹಾ ತಂದಳು. ಅಪ್ಪ ಚಹಾ ಕುಡಿದು, ಲೋಟ ಕೆಳಗಿಟ್ಟು, ಆಗಷ್ಟೇ ಕೆಲಸಕ್ಕೆ ಕೂತವನಂತೆ ಟೆನ್ಷನರಿನ ಬೋಲ್ಟನ್ನು ಸಡಿಲಿಸಿದ. ಬೆಲ್ಟು ಜೋಲಿತು. ಒಳಗಿನ ಸ್ಪ್ರಿಂಗಿನ ಒತ್ತಡಕ್ಕೆ ಮೇಲಿನ ಗಾಲಿ ಟಕ್ಕೆಂದು ಹಿಂದಕ್ಕೆ ಸರಿಯಿತು. ಅವನು ಬೆಲ್ಟನ್ನು ಮತ್ತೆ ಏರಿಸಿ ಬಿಗಿದ.

"ಅಪ್ಪಾ, ಮೇಲಿನ ಗುರುತು ಮೂರು ಹಲ್ಲು ಹಿಂದಿದೆ."

"ಇಲ್ಲ."

"ನೋಡಪ್ಪ ಒಂದ್ಸಲ. ಇಲ್ದಿದ್ರೆ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡೋಣ. ಬೆಲ್ಟಿನ ಡಬ್ಬಿ ಮೇಲೂ ಹಾಗೇ ಬರೆದಿದೆ."

ಅಪ್ಪನ ಕತ್ತಿನ ನರ ಉಬ್ಬಿತು. ಬೀದಿಯ ಮೂರು ನಾಲ್ಕು ಜನ ಎಂಜಿನ್ನು ಏಳುವುದನ್ನು ನೋಡಲು ಗೇಟಿನ ಬಳಿ ಬಂದು ನಿಂತಿದ್ದರು. "ಡಬ್ಬಿ ಓದಿ ನಂಗೆ ಪಾಠ ಹೇಳ್ತೀಯಾ? ಕೌಂಟರ್ ಹಿಂದೆ ನಿಂತು ಡಬ್ಬಿ ಎತ್ತಿಕೊಡೋಳು ನೀನು. ನೀನು ಹುಟ್ಟೋಕೆ ಮುಂಚೆ ನಾನು ನೂರು ಎಂಜಿನ್ ಕಟ್ಟಿದೀನಿ. ಈ ಜನರ ಮುಂದೆ ನನ್ನ ಮಾನ ಕಳೀಬೇಡ."

ಕಾರಿನೊಳಗೆ ಕೂತಿದ್ದ ಗಂಡ ಗಾಜಿನಿಂದ ಅವಳನ್ನೇ ನೋಡುತ್ತಿದ್ದ. ಅವಳು ಒಂದು ಬಾರಿ ತಲೆ ಅಡ್ಡಡ್ಡ ಆಡಿಸಿದ್ದರೆ ಸಾಕಿತ್ತು, ಅವನು ಕೀಲಿ ತಿರುಗಿಸುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಗಾಲಿ ನಿಜಕ್ಕೂ ಸರಿದಿತ್ತೇ, ತನ್ನ ಕಣ್ಣೇ ತಪ್ಪಿತೇ? ಹನ್ನೊಂದು ವರ್ಷ ಡಬ್ಬಿ ಕೊಟ್ಟವಳಿಗೆ ಆ ಕ್ಷಣ ತನ್ನ ಕಣ್ಣಿನ ಮೇಲೆ ನಂಬಿಕೆ ಸಾಲಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಸೆಲ್ಫ್ ಹೊಡೀರಿ" ಎಂದ ಅಪ್ಪ.

ಕೀಲಿ ತಿರುಗಿತು. ಖಟ್ ಖಟ್ ಖಟ್ ಎಂದು ಕಬ್ಬಿಣ ಕಬ್ಬಿಣಕ್ಕೆ ಗುದ್ದಿದ ಸದ್ದು. ಆಮೇಲೆ ಏನೋ ಮುರಿದು ಒಳಗೇ ಬಿದ್ದ ಸದ್ದು. ಎಂಜಿನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿತು. ಗೇಟಿನ ಬಳಿ ಯಾರೋ, ಛೇ, ಎಂದರು.

ಗಂಡ ಕಾರಿನಿಂದ ಇಳಿದ. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಹಾಕಿದ. ಕೀಲಿಯನ್ನು ಬಾನೆಟ್ಟಿನ ಅಂಚಿನಲ್ಲಿಟ್ಟು, ಒಳಗೆ ಹೋಗಿ, ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಬಂದ.

ಅಪ್ಪ ಎಂಜಿನ್ನಿನ ಮೇಲೆ ಬಗ್ಗಿ ಕಿವಿಯಿಟ್ಟವನು ತಲೆ ಎತ್ತಿದ. ಮುಖದಲ್ಲಿ ಸಿಟ್ಟಿತ್ತು. ಬೇರೆಯವರ ಕಾರು ತನ್ನ ಗ್ಯಾರೇಜಿಗೆ ಬಂದಾಗ ಇರುತ್ತಿದ್ದಂಥದೇ ಹಳೆಯ ಸಿಟ್ಟು.

"ಯಾವನು ಕಟ್ಟಿದ್ದು ಇದನ್ನ? ಟೈಮಿಂಗ್ ತಪ್ಪಿದೆ. ಎಲ್ಲ ವಾಲ್ವೂ ಹೋಯ್ತು. ಯಾವ ಅಡ್ಡಕಸುಬಿ ಕಟ್ಟಿದ್ದು?"

ಅಮ್ಮ ಅಳುವುದು ಕೇಳಿಸಿತು.

"ನಾನೇ ಅಪ್ಪ" ಎಂದಳು ಮಗಳು. "ನಾನೇ ಕಟ್ಟಿದ್ದು."

"ನೀನಾ?" ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಸಿಟ್ಟು ಸ್ವಲ್ಪ ಇಳಿಯಿತು. ಮಣಿಕಟ್ಟು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಗೆ ಸ್ಪ್ಯಾನರ್ ಇಟ್ಟ. "ಗೊತ್ತಿಲ್ದಿದ್ರೆ ಕೇಳ್ಬೇಕು. ನೋಡು. ಇದು ಮೇಲಿನ ಗುರುತು, ಇದು ಕೆಳಗಿಂದು. ಎರಡೂ ಗೆರೆಗೆ ಬರ್ಬೇಕು. ಬೆಲ್ಟು ಏರಿಸಿದ ಮೇಲೆ ಟೆನ್ಷನರ್ ಮುಟ್ಬಾರ್ದು, ಮುಟ್ಟಿದ್ರೆ ಮೇಲಿನ ಗಾಲಿ ಹಿಂದೆ ಹಾರತ್ತೆ. ಎಲ್ಲ ಆದ್ಮೇಲೆ ಕೈಯಲ್ಲೇ ಎರಡು ಸುತ್ತು ತಿರುಗಿಸ್ಬೇಕು. ಎರಡು. ಎಲ್ಲಾದ್ರೂ ತಡೆದ್ರೆ ನಿಲ್ಸು."

ಒಂದಕ್ಷರ ತಪ್ಪಿರಲಿಲ್ಲ. ಗೇಟು ಕಿರುಗುಟ್ಟಿತು. ಗಂಡ ಹೊರಗೆ ಹೋಗುತ್ತಿದ್ದ. ಅವಳು ಏಳಲು ನೋಡಿದಳು. ಅಪ್ಪ ಮಣಿಕಟ್ಟು ಬಿಡಲಿಲ್ಲ.

"ಆ ಕಡೆ ಏನು ನೋಡ್ತೀಯಾ? ಇಲ್ಲಿ ನೋಡು" ಎಂದು ಗದರಿದ. "ಎರಡನೇ ಸಲ ಹೇಳಲ್ಲ ನಾನು."